ಸಿಡ್ನಿಯ ಹಳ್ಳಕ್ಕೆ ಮುಯ್ಯಾಳು ಹೋದದ್ದು

ಹುಣಸೂರು

ವಿದೇಶಕ್ಕೆ ಹೋಗಿಬಂದವರು ಅಲ್ಲಿ ಏನೇನು ನೋಡಿದೆವು ಎಂದು ಬರೆಯುತ್ತಾರೆ. ನಾನು ಅಲ್ಲಿ ಏನು ಹಾಳು ಮಾಡಿಬಂದೆ ಎಂಬುದನ್ನು ಬರೆಯಬೇಕಾಗಿದೆ. ಊರಿಗೆ ಬಂದ ಹೊಸತರಲ್ಲಿ ಕಾಂಗರೂ, ಸೇತುವೆ, ಸಮುದ್ರ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೇಳಬೇಕಾದ್ದನ್ನು ಮಾತ್ರ ನುಂಗಿಕೊಂಡೆ. ಎಷ್ಟು ದಿನ ಅಂತ ನುಂಗುವುದು? ಬರೆದು ಹಗುರಾಗುತ್ತೇನೆ.

ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಹೆಸರು ನಾಗರತ್ನ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸೇವಾಸಂಸ್ಥೆ ನಮ್ಮಂಥ ಮೇಷ್ಟರು ಮೇಡಮ್ಮುಗಳನ್ನು ಬೇರೆ ದೇಶದ ಮನೆಗಳಲ್ಲಿ ಮೂರು ವಾರ ಇರಿಸುವ ಏರ್ಪಾಟು ಮಾಡಿತ್ತು. ಅರ್ಜಿಯಲ್ಲಿ ‘ಏನು ನೋಡಲು ಇಷ್ಟ?’ ಎಂಬ ಜಾಗದಲ್ಲಿ ‘ಪಾರ್ಕು’ ಎಂದು ಬರೆದೆ. ಆಗ ನಮ್ಮ ಕಡೆ ಪಾರ್ಕಿನ ಹುಚ್ಚು ಹತ್ತಿತ್ತು. ಪಿರಿಯಾಪಟ್ಟಣಕ್ಕೆ ಒಂದು ಬೇಕು, ಕೆ.ಆರ್. ನಗರಕ್ಕೆ ಒಂದು ಬೇಕು, ಕೋಟೆ ತಾಲ್ಲೂಕಿನವರು ಕಾಡಿನ ಬಾಯಲ್ಲೇ ಕೂತಿದ್ದರೂ ಅವರಿಗೂ ಒಂದು ಬೇಕು. ಪಾರ್ಕು ಎಂದರೆ ಕತ್ತರಿಸಿದ ಹುಲ್ಲು, ಒಂದು ಕಾರಂಜಿ, ಕಸ ಹಾಕಲು ಬಾಯಿ ತೆರೆದು ನಿಂತ ಸಿಮೆಂಟಿನ ಮೊಲ. ಅದನ್ನು ಚೆನ್ನಾಗಿ ಮಾಡುವುದು ಹೇಗೆಂದು ನೋಡಿಕೊಂಡು ಬರುತ್ತೇನೆ ಎಂದುಕೊಂಡಿದ್ದೆ. ಅರ್ಜಿ ಒಪ್ಪಿಗೆಯಾಯಿತು, ಸಿಡ್ನಿ ಸಿಕ್ಕಿತು. ದಸರಾ ರಜೆಯೂ ಕೂಡಿಬಂತು.

ಹೊರಡುವ ಹಿಂದಿನ ದಿನ ಅತ್ತೆಯ ಕಾಲಿಗೆ ಬೀಳಲು ಕಟ್ಟೆಮಳಲವಾಡಿಗೆ ಹೋದೆ. ನಮ್ಮ ಅತ್ತೆ ನಿಂಗಮ್ಮನವರು ಅಲ್ಲಿ ಹೊಗೆಸೊಪ್ಪು, ರಾಗಿ ಬೆಳೆಸುತ್ತಾರೆ. ಅವರ ಬದುವಿನಲ್ಲಿ ಒಂದು ಕಳೆ ಕಂಡರೆ ಅವರಿಗೆ ಅನ್ನ ಸೇರುವುದಿಲ್ಲ. ನಾನು ಮದುವೆಯಾಗಿ ಬಂದ ವರ್ಷವೇ ಸೆರಗು ಸಿಕ್ಕಿಸಿ ಸಾಲಿಗೆ ಇಳಿಸಿದವರು. ಅವರು ಒಂದು ಗಂಟು ತಂದು ನನ್ನ ಮಡಿಲಿಗೆ ಹಾಕಿದರು. ಒಳಗೆ ಅವರೆಕಾಳು, ಹುರುಳಿ, ಚೆಂಡುಹೂವಿನ ಬೀಜ.

“ಬರಿಗೈಲಿ ಒಬ್ರ ಮನೆ ಹೊಸ್ಲು ತುಳೀಬ್ಯಾಡ ಕಣವ್ವ. ಮೂರು ವಾರ ಉಂಡ್ಬುಟ್ಟು ಅಂಗೇ ಬಂದ್ಬುಟ್ಟೀಯ. ಅವರ್ಗೂ ಹೊಲಗಿಲ ಇದ್ರೆ ಒಂದಿನ ಮುಯ್ಯಾಳು ಓಗು,” ಎಂದರು.

ಪೇಟೆಯವರಿಗೆ ಈ ಮಾತು ಗೊತ್ತಿಲ್ಲದಿರಬಹುದು. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು; ಕೂಲಿ ಇಲ್ಲ, ಆಳಿಗೆ ಆಳು. ಅದು ಮುಯ್ಯಾಳು. ಉಂಡ ಮನೆಯ ಋಣವನ್ನೂ ನಮ್ಮಲ್ಲಿ ಹೀಗೆ ತೀರಿಸುವುದುಂಟು. “ಸಿಡ್ನಿ ದೊಡ್ಡ ಪಟ್ಟಣ ಅತ್ತೆ, ಅಲ್ಲಿ ಹೊಲ ಎಲ್ಲಿ ಬರುತ್ತೆ” ಎಂದು ನಕ್ಕು ಬಂದೆ.

ಚಪ್ಪಲಿ ತೊಳೆದ ಅಧಿಕಾರಿ

ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದರು. ಅಧಿಕಾರಿ ಒಂದು ಅವರೆಕಾಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಮೊಳೆಯುತ್ತದೆಯೇ?” ಎಂದು ಕೇಳಿದ. ನನಗೋ ವಿಜ್ಞಾನದ ಮೇಡಂ ಎಂಬ ಜಂಬ. “ಖಂಡಿತ ಮೊಳೆಯುತ್ತದೆ, ಬಹಳ ಒಳ್ಳೆಯ ಬೀಜ,” ಎಂದೆ. ಗಂಟು ಹಾಗೇ ಹಳದಿ ತೊಟ್ಟಿಗೆ ಹೋಯಿತು. ಚೆಂಡುಹೂವೂ ಹೋಯಿತು. ಮೊಳೆಯುವುದೇ ಅಲ್ಲಿ ತಪ್ಪಂತೆ!

ಆಮೇಲೆ ನನ್ನ ಚಪ್ಪಲಿಯನ್ನು ತಿರುಗಿಸಿ ನೋಡಿದ. ಅಡಿಯಲ್ಲಿ ಕಟ್ಟೆಮಳಲವಾಡಿಯ ಕೆಮ್ಮಣ್ಣು ಒಣಗಿ ಕೂತಿತ್ತು. ಅದನ್ನು ಒಳಗೆ ಒಯ್ದು ಬ್ರಷ್ಷು ಹಾಕಿ ತಿಕ್ಕಿ ತೊಳೆದು, ಬಟ್ಟೆಯಲ್ಲಿ ಒರೆಸಿ ತಂದುಕೊಟ್ಟ. ಒಬ್ಬ ಸರ್ಕಾರಿ ನೌಕರ ನನ್ನ ಚಪ್ಪಲಿ ತೊಳೆದುಕೊಡುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ನಮ್ಮೂರ ಮಣ್ಣೇನು ಹೇಸಿಗೆಯೇ?

ಹೊರಗೆ ನನ್ನನ್ನು ಕರೆದೊಯ್ಯಲು ಜೋನ್ ಎಂಬವರು ಬಂದಿದ್ದರು. ಅರವತ್ತೈದರ ಆಸುಪಾಸು, ನಿವೃತ್ತ ನರ್ಸ್, ಒಬ್ಬರೇ ಇರುವವರು. ನಾನು ಉಳಿಯಬೇಕಾಗಿದ್ದದ್ದು ಅವರ ಮನೆಯಲ್ಲಿ. ಬೀಜದ ಕಥೆ ಹೇಳಿಕೊಂಡು ಗೊಣಗಿದರೆ ಅವರು ನಗುತ್ತ, “ಸದ್ಯ, ಹಿಡಿದನಲ್ಲ!” ಎಂದರು. ಅವರಿಗೆ ನನ್ನ ಹೆಸರು ಬಾಯಿಗೆ ಬರದೆ ‘ರಟ್ನಾ’ ಆಯಿತು. ಅಷ್ಟು ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳಲಿಲ್ಲ. ನಾನು ‘ಜೋನಮ್ಮ’ ಮಾಡಿದೆ. ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅವರಾಡಿದ ಇಂಗ್ಲಿಷಿನಲ್ಲಿ ಅರ್ಧ ನನಗೆ ಅರ್ಥವಾಗುತ್ತಿರಲಿಲ್ಲ. ಆ ಅರ್ಧವೇ ಮುಂದೆ ನನ್ನ ಕುತ್ತಿಗೆಗೆ ಬಂತು.

ಹುಲ್ಲಿಲ್ಲದ ಪಾರ್ಕು

ಮರುದಿನವೇ ಜೋನಮ್ಮ ಪಾರ್ಕು ತೋರಿಸಲು ಕರೆದೊಯ್ದರು. ಅವರ ಮನೆಯ ಹಿಂದೆ ಎರಡು ಬೀದಿ ದಾಟಿದರೆ ಒಂದು ಹಳ್ಳ. ಆಚೆ ಈಚೆ ಮನೆಗಳು, ಮೇಲೆ ರೈಲು ಸೇತುವೆ. ಹಳ್ಳದ ಎರಡೂ ದಡಗಳಲ್ಲಿ ಪೊದೆ, ಒಣಹುಲ್ಲು, ಬಿದ್ದ ಮರ. ಬಿದ್ದ ಮರವನ್ನು ಎತ್ತಿಹಾಕುವಷ್ಟೂ ಗತಿಯಿಲ್ಲವೇ ಎನ್ನಿಸಿತು. ಹತ್ತು ನಿಮಿಷ ನಡೆದ ಮೇಲೆ, “ಪಾರ್ಕು ಇನ್ನೂ ಎಷ್ಟು ದೂರ?” ಎಂದು ಕೇಳಿದೆ.

“ನೀನು ಆಗಿನಿಂದ ಅದರಲ್ಲೇ ನಡೀತಿದ್ದೀಯ,” ಎಂದರು.

ಅಯ್ಯೋ ಶಿವನೇ, ಇದನ್ನು ನೋಡಲು ಸಮುದ್ರ ದಾಟಿ ಬರಬೇಕಿತ್ತೇ? ಕೋಟೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಿದ್ದರೆ ಸಾಕಿತ್ತಲ್ಲ ಎಂದುಕೊಂಡೆ.

ಜೋನಮ್ಮ ಒಂದು ಬಂಡೆಯ ಮೇಲೆ ಕೂತು ಕಥೆ ಹೇಳಿದರು. ಹಿಂದೆ ಊರಿನವರೆಲ್ಲ ಮನೆಯ ಕಸ, ಹಳೇ ಟೈರು ತಂದು ಸುರಿಯುತ್ತಿದ್ದ ಹಳ್ಳವಂತೆ ಅದು. ಆಮೇಲೆ ಯಾರೋ ಮಣ್ಣು ಮುಚ್ಚಿಸಿ ಹುಲ್ಲು ಹಾಸಿ ಪಾರ್ಕು ಮಾಡಿದರು. ಹುಲ್ಲು ಹಸಿರಾಗಿತ್ತು, ಆದರೆ ಕಪ್ಪೆ ಇಲ್ಲ, ಹಲ್ಲಿ ಇಲ್ಲ, ಸಣ್ಣ ಹಕ್ಕಿ ಒಂದೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಜೋನಮ್ಮ, ಬಸ್ಸು ಓಡಿಸಿ ನಿವೃತ್ತನಾದ ಬಿಲ್, ಇನ್ನು ಕೆಲವರು ಸೇರಿ ಆ ಹುಲ್ಲನ್ನು ಕಿತ್ತರು. ಸುತ್ತಮುತ್ತ ಉಳಿದಿದ್ದ ಹಳೇ ಗಿಡಗಳಿಂದಲೇ ಬೀಜ ಆಯ್ದು, ಮನೆ ಹಿತ್ತಲಲ್ಲಿ ಸಸಿ ಮಾಡಿ, ಆ ನೆಲದ ಗಿಡಗಳನ್ನೇ ಮತ್ತೆ ನೆಟ್ಟರು. ಈಗ ಹಳ್ಳದಲ್ಲಿ ಮೂರು ಜಾತಿಯ ಕಪ್ಪೆ ವಟಗುಟ್ಟುತ್ತವೆ. ನೀಲಿ ನಾಲಗೆಯ ದೊಡ್ಡ ಹಲ್ಲಿಯೊಂದು ನನ್ನ ಕಾಲ ಬಳಿಯೇ ಹರಿದುಹೋಗಿ ನಾನು ಕಿರುಚಿಕೊಂಡೆ. ಆ ಬಿದ್ದ ಮರ ಅದರ ಮನೆಯಂತೆ.

ಅಲ್ಲಿ ನೀಲಗಿರಿ ಮರ ಮನೆಮಗ. ನಮ್ಮ ಕಡೆ ನೀರು ಕುಡಿಯುತ್ತದೆಂದು ಬೈಸಿಕೊಳ್ಳುವ ಮರವನ್ನು ಅವರು ಕೈಯಲ್ಲಿ ಸವರಿ ಮಾತಾಡಿಸುತ್ತಾರೆ. ಎರಡೂ ಊರಿಗೆ ಶತ್ರು ಎಂದರೆ ಲಂಟಾನ. ನಮ್ಮ ಬೇಲಿಯಲ್ಲಿ ಬೆಳೆಯುವ ಅದೇ ಲಂಟಾನ, ಅದೇ ಕೆಂಪು-ಹಳದಿ ಹೂವು, ಅದೇ ನಾತ. ಒಂದಾನೊಂದು ಕಾಲದಲ್ಲಿ ಯಾರೋ ಹೂವು ಚೆಂದವೆಂದು ತಂದು ನೆಟ್ಟದ್ದಂತೆ. ತೊಟ್ಟಿಗೆ ಹೋದ ಚೆಂಡುಹೂವಿನ ಬೀಜ ನನಗೆ ನೆನಪಾಯಿತು.

ಆಗ ಪೊದೆಯಿಂದ ಒಂದು ಹಕ್ಕಿ ಹೊರಗೆ ಹಾರಿತು. ಗುಬ್ಬಿಗಿಂತ ಚಿಕ್ಕದು, ಬಾಲ ನೆಟ್ಟಗೆ ಮೇಲಕ್ಕೆ, ತಲೆಯ ಮೇಲೆ ಎಂಥ ನೀಲಿ ಅಂತೀರಿ! ಹಿಂದೆಯೇ ಕಂದು ಬಣ್ಣದ ಹೆಣ್ಣು, ಇನ್ನೆರಡು ಮರಿಗಳು. ಹಿಂದಿನ ವರ್ಷದ ಮಕ್ಕಳು ತಮ್ಮ ತಂಗಿಯರನ್ನು ಸಾಕಲು ಅಪ್ಪ ಅಮ್ಮನ ಜೊತೆಯೇ ಉಳಿಯುತ್ತವಂತೆ. ಕೂಡು ಕುಟುಂಬ!

“ಮೂರು ವರ್ಷದ ಹಿಂದೆ ಈ ಒಂದು ಸಂಸಾರ ವಾಪಸು ಬಂತು,” ಎಂದರು ಜೋನಮ್ಮ. “ಇಡೀ ಹಳ್ಳಕ್ಕೆ ಇರುವುದು ಇದೊಂದೇ. ನಾವು ನೆಟ್ಟ ಮುಳ್ಳುಗಿಡದಲ್ಲಿ ಇವು ಗೂಡು ಕಟ್ಟುವುದನ್ನು ಒಂದು ಸಲ ನೋಡಿಬಿಟ್ಟರೆ ನಾನು ಸತ್ತರೂ ಚಿಂತೆಯಿಲ್ಲ.” ಆ ಕೊನೆಯ ಮಾತು ಅರ್ಥವಾಯಿತು. ಹಾಗಾದರೆ ಈಗ ಅವು ಗೂಡು ಕಟ್ಟುತ್ತಿರುವುದು ಎಲ್ಲಿ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ನಮ್ಮೂರ ಗೊರವಂಕ

ಒಂದು ಸಂಜೆ ಬಿಲ್ ಬೇಲಿಯ ಮೇಲೆ ಕೂತಿದ್ದ ಹಕ್ಕಿಯೊಂದಕ್ಕೆ ಕಲ್ಲು ಬೀರಿ, “ಹಾಳಾದ ಇಂಡಿಯನ್!” ಎಂದ. ನಾನು ಬೆಚ್ಚಿಬಿದ್ದೆ. ನೋಡಿದರೆ ನಮ್ಮ ಗೊರವಂಕ! ಹಳದಿ ಕೊಕ್ಕು, ಹಳದಿ ಕಾಲು, ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಪುರಿ ಆರಿಸಿ ತಿನ್ನುವ ಅದೇ ಗತ್ತು. ಪರದೇಶದಲ್ಲಿ ನೆಂಟರನ್ನು ಕಂಡಷ್ಟು ಸಂತೋಷವಾಯಿತು.

ಅವರು ‘ಇಂಡಿಯನ್’ ಎನ್ನುವುದು ಈ ಹಕ್ಕಿಯನ್ನೇ; ಅಲ್ಲಿನವರಿಗೆ ಅದನ್ನು ಕಂಡರಾಗದು. ಹಿಂದೆ ಯಾರೋ ಹುಳ ತಿನ್ನಲೆಂದು ತಂದು ಬಿಟ್ಟರಂತೆ, ಅದು ಹುಳ ಬಿಟ್ಟು ಉಳಿದ ಹಕ್ಕಿಗಳ ಪೊಟರೆ ಕಿತ್ತುಕೊಂಡಿತಂತೆ.

“ನಾವೇನು ಟಿಕೆಟ್ಟು ಕೊಟ್ಟು ಕಳಿಸಿದೆವೇ? ನಿಮ್ಮವರು ತಂದರು, ನಿಮ್ಮವರು ಬಿಟ್ಟರು, ಬೈಗುಳ ಮಾತ್ರ ಇಂಡಿಯಾಕ್ಕೆ!” ಎಂದು ನಾನು ಜೋರು ಮಾಡಿದೆ.

ಬಿಲ್ ಟೋಪಿ ತೆಗೆದು, “ತಪ್ಪಾಯಿತು. ಹಕ್ಕಿಯದಲ್ಲ ತಪ್ಪು, ಒಳ್ಳೇದು ಮಾಡ್ತೀನಿ ಅಂತ ವಿಚಾರಿಸದೆ ಬಿಟ್ಟನಲ್ಲ, ಅವನದು,” ಎಂದ. ಆ ಜಗಳದಲ್ಲಿ ಗೆದ್ದೆನೆಂದು ನಾನು ಬೀಗಿದೆ.

ಭಾನುವಾರದ ಕೆಲಸ

ಎರಡನೇ ಭಾನುವಾರ ಎಲ್ಲರೂ ಹಳ್ಳದಲ್ಲಿ ಸೇರಿದರು. ಬೂಟು ತಿಕ್ಕಿ ತೊಳೆದ ಮೇಲೆಯೇ ಒಳಗೆ ಪ್ರವೇಶ. ನನಗೂ ಒಂದು ಸಣ್ಣ ಚಾಕು ಕೊಟ್ಟರು. ಅವರ ಕಳೆ ಕೀಳುವ ರೀತಿ ನೋಡಿ ನನಗೆ ತಲೆ ಕೆಟ್ಟಿತು. ನಮ್ಮಲ್ಲಾದರೆ ಕಳೆ ಎಲ್ಲಿ ಜಾಸ್ತಿಯೋ ಅಲ್ಲಿಂದ ಶುರು. ಇವರು ಚೆನ್ನಾಗಿರುವ ಕಡೆಯಿಂದ ಶುರು ಮಾಡುತ್ತಾರೆ! ಒಳ್ಳೆಯ ಗಿಡಗಳ ನಡುವೆ ಎಲ್ಲೋ ತಲೆ ಎತ್ತಿದ ಒಂದು ಕಳೆಯನ್ನು ಮೊಣಕಾಲೂರಿ, ಬೇರು ಬಿಡಿಸಿ, ಮಣ್ಣನ್ನು ಮತ್ತೆ ತಟ್ಟಿ ಮುಚ್ಚುತ್ತಾರೆ. ಇಡೀ ಬೆಳಿಗ್ಗೆ ಒಂದು ಚಾಪೆಯಗಲ ನೆಲ ಆಯಿತು. ಆ ಕಡೆ ದಿಣ್ಣೆಯ ಮೇಲೆ ಲಂಟಾನ ಆಳೆತ್ತರ ಕೊಬ್ಬಿ ನಿಂತಿದೆ, ಅದನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಅತ್ತೆ ನೋಡಿದ್ದರೆ ಇವರೆಲ್ಲರನ್ನೂ ಹೊಲದಿಂದಲೇ ಓಡಿಸುತ್ತಿದ್ದರು.

ಆ ಲಂಟಾನಕ್ಕೆ ಅಲ್ಲಲ್ಲಿ ಕೆಂಪು ಪಟ್ಟಿ ಕಟ್ಟಿತ್ತು. ಜೋನಮ್ಮ ಅದನ್ನು ತೋರಿಸಿ ಏನೋ ಗಡಗಡನೆ ಹೇಳಿದರು. ಗಾಳಿ ಬೀಸುತ್ತಿತ್ತು, ಮೇಲೆ ರೈಲು ಹೋಗುತ್ತಿತ್ತು. ನಾನು ನಮ್ಮ ಪದ್ಧತಿಯಂತೆ ತಲೆ ಆಡಿಸಿದೆ. ಅರ್ಥವಾಗದಿದ್ದಾಗ ಇನ್ನೂ ಚೆನ್ನಾಗಿ ತಲೆ ಆಡಿಸುವುದು ನಮ್ಮ ಅಭ್ಯಾಸ.

ನಾನು ಹುಟ್ಟಿ ಬೆಳೆದದ್ದು ಹುಣಸೂರಿನಲ್ಲಿ, ಮರದ ಡಿಪೋಗೆ ಹೋಗುವ ಬೀದಿಯಲ್ಲಿ. ಅಪ್ಪ ಮರ ಅಳೆಯುವ ಕೆಲಸಕ್ಕೆ ಹೋಗುತ್ತಿದ್ದರು. ಗುರುತು ಬಿದ್ದ ಮರ ಎಂದರೆ ಕಡಿಯುವ ಮರ. ಇದು ನಮ್ಮ ಬೀದಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕೆಂಪು ಪಟ್ಟಿ ಯಾತಕ್ಕೆಂದು ನಾನು ಎರಡನೇ ಸಲ ಕೇಳುವ ಅಗತ್ಯವೇ ಕಾಣಲಿಲ್ಲ.

ಬುಧವಾರ, ಬೆಳಗಿನ ಹೊತ್ತು

ಅಷ್ಟರಲ್ಲಿ ನಾನು ಜೋನಮ್ಮನ ಮನೆಯಲ್ಲಿ ಹನ್ನೆರಡು ದಿನ ಉಂಡಿದ್ದೆ. ನಾನು ಸೊಪ್ಪು ತರಕಾರಿ ಮಾತ್ರ ತಿನ್ನುವವಳೆಂದು ಅವರು ದಿನಾ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಿದ್ದರು. ಪಾತ್ರೆ ತೊಳೆಯಲು ಹೋದರೆ ಬಿಡುತ್ತಿರಲಿಲ್ಲ. ಅತ್ತೆಯ ಮಾತು ಕಿವಿಯಲ್ಲಿ ಗುಂಯ್‌ಗುಡತೊಡಗಿತು. ಮುಯ್ಯಿ ತೀರಿಸದೆ ಹೋದರೆ ಮುಖ ಹೇಗೆ ತೋರಿಸಲಿ?

ನಮ್ಮಲ್ಲಿ ಒಳ್ಳೆಯ ಮುಯ್ಯಾಳು ಎಂದರೆ ಹೊಲದವರು ಏಳುವ ಮೊದಲೇ ಹೊಲದಲ್ಲಿರುವವಳು. ಬುಧವಾರ ಬೆಳಕು ಹರಿಯುತ್ತಿದ್ದಂತೆ ಜೋನಮ್ಮನ ಶೆಡ್ಡಿನಿಂದ ಉದ್ದ ಹಿಡಿಯ ಕತ್ತರಿ, ಕೈಗರಗಸ ಎತ್ತಿಕೊಂಡು ಹಳ್ಳಕ್ಕೆ ಹೋದೆ. ಸೆರಗು ಸಿಕ್ಕಿಸಿದೆ. ಕೆಂಪು ಪಟ್ಟಿ ಕಟ್ಟಿದ್ದ ಲಂಟಾನವನ್ನೇ ಆರಿಸಿ ಆರಿಸಿ ಬುಡಕ್ಕೆ ಕತ್ತರಿ ಹಾಕಿದೆ. ಅಬ್ಬಾ, ಎಷ್ಟು ದಿನದ ಮೇಲೆ ಕೈತುಂಬ ಕೆಲಸ! ಒಂದೂವರೆ ಗಂಟೆಯಲ್ಲಿ ದಿಣ್ಣೆ ಬೋಳಾಯಿತು. ಕಡಿದದ್ದನ್ನು ಒಂದೇ ಸಮ ಒಟ್ಟಿದೆ. ಕೆಂಪು ಪಟ್ಟಿಗಳನ್ನು ಬಿಚ್ಚಿ, ಮತ್ತೆ ಉಪಯೋಗಕ್ಕೆ ಬರಲಿ ಎಂದು ನೀಟಾಗಿ ಸುತ್ತಿ ಇಟ್ಟೆ. ನೀಲಿ ಹಕ್ಕಿ ಸುತ್ತ ಹಾರಾಡಿ ಚಿರ್ರೆನ್ನುತ್ತಲೇ ಇತ್ತು. ನನಗೆ ಶಹಭಾಸ್ ಹೇಳುತ್ತಿದೆ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಜೋನಮ್ಮ ನನ್ನನ್ನು ಹುಡುಕಿಕೊಂಡು ಬಂದರು. ನಾನು ಹಲ್ಲು ಕಿರಿದು, ಸುತ್ತಿದ ಪಟ್ಟಿಗಳನ್ನು ಅಂಗೈಯಲ್ಲಿಟ್ಟು ಅವರ ಮುಂದೆ ಹಿಡಿದೆ. ಅವರು ಪಟ್ಟಿ ನೋಡಲಿಲ್ಲ. ದಿಣ್ಣೆ ನೋಡಿದರು. ಆಮೇಲೆ ನಾನು ಒಟ್ಟಿದ್ದ ರಾಶಿಯ ಬಳಿ ಹೋಗಿ ಒಂದೊಂದೇ ಕೊಂಬೆ ಸರಿಸತೊಡಗಿದರು. ಮುಳ್ಳು ಗೀರಿ ಕೈಯಲ್ಲಿ ರಕ್ತ ಬಂದರೂ ಬಿಡಲಿಲ್ಲ. ಏಳೆಂಟನೇ ಕೊಂಬೆಯಲ್ಲಿ ಗೂಡಿತ್ತು. ಹುಲ್ಲು, ಜೇಡರ ಬಲೆ ಸೇರಿಸಿ ಹೆಣೆದ ಉಂಡೆ, ಪಕ್ಕದಲ್ಲಿ ಬಾಗಿಲು. ಒಳಗೆ ಮೂರು ಮೊಟ್ಟೆ. ಎರಡು ಒಡೆದಿದ್ದವು. ಉಳಿದ ಒಂದನ್ನು ಅವರು ಅಂಗೈಯಲ್ಲಿಟ್ಟುಕೊಂಡರು. ತಣ್ಣಗಾಗಿತ್ತು.

“ಪಟ್ಟಿ ಕಟ್ಟಿದ್ದು ಮುಟ್ಟಬಾರದು ಅಂತ,” ಎಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಆಮೇಲೆ ಬಿಲ್ ಬಂದು ಬಿಡಿಸಿ ಹೇಳಿದ. ಅವರು ನೆಟ್ಟ ಮುಳ್ಳುಗಿಡ ಇನ್ನೂ ದಟ್ಟವಾಗಿರಲಿಲ್ಲ. ಅಲ್ಲಿಯವರೆಗೆ ಬೆಕ್ಕು, ದೊಡ್ಡ ಹಕ್ಕಿಗಳ ಕಣ್ಣಿಗೆ ಬೀಳದೆ ಆ ಸಣ್ಣ ಸಂಸಾರ ಅಡಗಿಕೊಳ್ಳಲು ಇದ್ದದ್ದು ಶತ್ರುವಿನ ಮನೆ ಒಂದೇ, ಲಂಟಾನ. ಅದಕ್ಕೇ ಅದನ್ನು ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದರು, ಅದೂ ಮೊಟ್ಟೆಯಿಡುವ ಕಾಲ ಬಿಟ್ಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನಾನು, ವಿಜ್ಞಾನದ ಮೇಡಂ.

“ಅವು ಹೋಗಿಬಿಡುತ್ತವಾ?” ಎಂದು ಕೇಳಿದೆ.

“ಹೋಗಬಹುದು. ಮತ್ತೆ ಕಟ್ಟಲೂಬಹುದು. ಗೊತ್ತಿಲ್ಲ,” ಎಂದ ಬಿಲ್. ನಾನು ಊರಿಗೆ ಹೊರಡಲು ಉಳಿದಿದ್ದದ್ದು ಒಂಬತ್ತು ದಿನ.

ಕುರ್ಚಿ

ಕಡಿದ ಕೊಂಬೆಗಳನ್ನೇ ಬಿಲ್ ಮುಳ್ಳುಗಿಡಗಳ ಸುತ್ತ ಒತ್ತಾಗಿ ಒಟ್ಟಿದ. ಹಕ್ಕಿಗೆ ಸದ್ಯಕ್ಕೊಂದು ಮರೆ. ನಾನು ಸಹಾಯಕ್ಕೆ ಕೈ ಚಾಚಿದೆ. ಜೋನಮ್ಮ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ಮಡಚುವ ಕುರ್ಚಿಯೊಂದನ್ನು ದೂರದಲ್ಲಿ ಹಾಕಿ, ಒಂದು ನೋಟ್‌ಬುಕ್ಕು ಕೊಟ್ಟರು. “ಇಲ್ಲಿ ಕೂತುಕೋ. ನೋಡು. ಕಂಡದ್ದನ್ನು ಬರಿ.”

ನನಗೆ ಕೂತು ಅಭ್ಯಾಸವಿಲ್ಲ. ಪರೀಕ್ಷೆ ಹಾಲಿನಲ್ಲೂ ನಾನು ಕೂರುವವಳಲ್ಲ. ಮೊದಲ ದಿನ ಸೊಂಟ ಹಿಡಿಯಿತು, ಸೊಳ್ಳೆ ಕಚ್ಚಿತು. ಗಂಡು ಹಕ್ಕಿಯೊಂದೇ ಬೋಳು ದಿಣ್ಣೆಯ ಮೇಲೆ ಕುಪ್ಪಳಿಸುತ್ತ ಹುಡುಕುತ್ತಿತ್ತು. ಎರಡನೇ ದಿನ ಅದೂ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ‘ಇಲ್ಲ’ ಎಂದು ಬರೆದು ಜೋನಮ್ಮನಿಗೆ ಕೊಟ್ಟಾಗ ಅವರು ಓದಿ ಕನ್ನಡಕ ತೆಗೆದಿಟ್ಟರು. ಅವತ್ತು ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ. ದಿನಗಳು ಹೋಗುತ್ತ ನಾಲ್ಕೂ ಕಂಡವು, ಆದರೆ ಒಂದು ಗಳಿಗೆ ಇಲ್ಲಿ, ಒಂದು ಗಳಿಗೆ ಆಚೆ ದಡದಲ್ಲಿ. ಗೊರವಂಕ ಬಂದು ಹತ್ತಿರ ಕೂತರೆ ನಾನೇ “ಹುಶ್, ಹೋಗೋ ಊರಿಗೆ!” ಎಂದು ಓಡಿಸಿದೆ. ದೇಶಾಭಿಮಾನ ಎಲ್ಲಿ ಹೋಯಿತೋ!

ಐದನೇ ದಿನ ಜೋನಮ್ಮ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತರು. “ಯಾಕೆ ಹಾಗೆ ಮಾಡಿದೆ, ರಟ್ನಾ? ಯಾರು ಹೇಳಿದರು ನಿನಗೆ?”

ನಾನು ಮುಯ್ಯಾಳಿನ ವಿಷಯ ಹೇಳಿದೆ. ಅತ್ತೆ ಹೇಳಿಕಳಿಸಿದ್ದು, ಹೊಲದವರು ಏಳುವ ಮೊದಲೇ ಹೋಗಬೇಕಾದ್ದು, ಡಿಪೋ ಬೀದಿಯಲ್ಲಿ ಗುರುತಿಗೆ ಇರುವ ಅರ್ಥ, ಎಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಅರ್ಧ ಗಂಟೆ ಹಿಡಿಯಿತು. ಈ ಸಲ ಅವರು ತಲೆ ಆಡಿಸಲಿಲ್ಲ. ಅರ್ಥವಾಗದ ಕಡೆಯೆಲ್ಲ ನಿಲ್ಲಿಸಿ ನಿಲ್ಲಿಸಿ ಕೇಳಿದರು. ಕೊನೆಗೆ, “ಮುಯ್ಯಿ ಅಂದರೆ ಉಪಕಾರಕ್ಕೆ ಉಪಕಾರ, ಹೌದಲ್ಲವಾ?” ಎಂದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಹೌದು. ಆದರೆ ಸೇಡಿಗೂ ನಾವು ಅದೇ ಮಾತು ಹೇಳುತ್ತೇವೆ. ಮುಯ್ಯಿಗೆ ಮುಯ್ಯಿ,” ಎಂದೆ.

ಜೋನಮ್ಮ ಒಂದು ಕ್ಷಣ ನನ್ನ ಮುಖ ನೋಡಿದರು. “ಹಾಗಾದರೆ ನನ್ನ ಅಡುಗೆ ಅಷ್ಟು ಕೆಟ್ಟದಾಗಿತ್ತಾ?” ಎಂದು ಕೇಳಿ ನಗತೊಡಗಿದರು. ನಾನೂ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು. ಆದರೆ ಕತ್ತರಿ ಮಾತ್ರ ವಾಪಸು ಕೊಡಲಿಲ್ಲ.

ಕೊನೆಯ ಬೆಳಿಗ್ಗೆ

ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆ ಕಟ್ಟಿಟ್ಟು ಇಬ್ಬರೂ ಹಳ್ಳಕ್ಕೆ ಹೋದೆವು. ಇನ್ನು ನೋಡುವುದೇನಿದೆ ಎಂದು ನನಗೆ ಕಾಲೇಳುತ್ತಿರಲಿಲ್ಲ. ಕುರ್ಚಿಯ ಹತ್ತಿರ ಬರುವಾಗ ಹೆಣ್ಣು ಹಕ್ಕಿ ನಮ್ಮ ಮುಂದೆಯೇ ಹಾದುಹೋಯಿತು. ಕೊಕ್ಕಿನಲ್ಲಿ ಬಿಳಿಯದೇನೋ. ಜೋನಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. ಜೇಡರ ಬಲೆ! ಅದು ನೇರವಾಗಿ ಒಂದು ಮುಳ್ಳುಗಿಡದೊಳಕ್ಕೆ ನುಗ್ಗಿತು, ಬರಿಗೊಕ್ಕಿನಲ್ಲಿ ಹೊರಗೆ ಬಂತು. ಮತ್ತೆ ಹೋಯಿತು, ಹುಲ್ಲಿನ ಎಳೆ ತಂದಿತು. ನಾವು ಉಸಿರು ಬಿಗಿಹಿಡಿದು ನಿಂತೆವು. ನಾನು ಎಣಿಸಿದಂತೆ ಆರು ಸಲ.

ಅದು ಲಂಟಾನವಲ್ಲ. ಜೋನಮ್ಮ ಹಿತ್ತಲಲ್ಲಿ ಬೀಜ ಹಾಕಿ, ಸಸಿ ಮಾಡಿ, ಕೈಯಾರೆ ನೆಟ್ಟ ಗಿಡ. ಅವರು ಶಬ್ದ ಮಾಡದೆ ಅಳುತ್ತಿದ್ದರು.

“ನೀನು ಮಾಡಿದ್ದರಿಂದ ಒಳ್ಳೇದಾಯಿತು ಅಂತ ಊರಿಗೆ ಹೋಗಿ ಹೇಳಬೇಡ,” ಎಂದರು ಕಣ್ಣೊರೆಸಿಕೊಂಡು. “ನೀನು ಮಾಡಿದ್ದು ತಪ್ಪೇ. ಇದು ಅವಳ ಗಟ್ಟಿತನ.”

“ಹೇಳಲ್ಲ ಜೋನಮ್ಮ,” ಎಂದೆ. ಬಿಲ್‌ಗೆ ಬಿಟ್ಟು ಬೇರಾರಿಗೂ ಯಾವ ಗಿಡವೆಂದು ಹೇಳಬಾರದು ಎಂದು ಅವರು ಮಾತು ತೆಗೆದುಕೊಂಡರು. ನೋಡುವವರು ಹೆಚ್ಚಾದರೆ ಹಕ್ಕಿ ಗೂಡು ಬಿಡುತ್ತದೆ. ಹಾಗಾಗಿ ಓದುವವರೇ, ನಿಮಗೂ ಹೇಳುವುದಿಲ್ಲ.

ಕಟ್ಟೆಮಳಲವಾಡಿ

ರಾಗಿ ಕೊಯ್ಲು ಮುಗಿದ ಮೇಲೆ ಬೇಲಿ ಸವರುವುದು, ಅಂದರೆ ಕಡಿದು ಬೋಳಿಸುವುದು, ನಮ್ಮ ಹೊಲದ ಪದ್ಧತಿ. ಸಿಡ್ನಿಯಿಂದ ಬಂದ ವರ್ಷ ಅದಕ್ಕೆಂದು ಒಂದು ಶನಿವಾರ ನಾನು ಹೋಗುವಷ್ಟರಲ್ಲಿ ಅತ್ತೆ ಮೂರು ಆಳುಗಳನ್ನು ಗೊತ್ತುಮಾಡಿ, ಮಚ್ಚು ಮಸೆಸಿ ಇಟ್ಟಿದ್ದರು. ಬೇಲಿಯ ಉದ್ದಕ್ಕೂ ಲಂಟಾನ. ಯಾರಿಗೂ ಹೇಳದಿದ್ದದ್ದನ್ನು ಅವತ್ತು ಹೇಳದೆ ವಿಧಿಯಿರಲಿಲ್ಲ. ಜಗಲಿಯ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಹೇಳಿದೆ. ಮುಯ್ಯಾಳು ಹೋಗಿ ಮೂರು ಮೊಟ್ಟೆ ಹಾಳು ಮಾಡಿದೆ ಅತ್ತೆ, ಎಂದೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಚ್ಚುತ್ತಲೇ ಇದ್ದರು. ಎಲೆ ಮಡಿಸಿ ಬಾಯಿಗಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

“ನಲವತ್ತು ವರ್ಸದಿಂದ ನಾನು ಈ ಬೇಲಿ ಸವರುಸ್ತಾವ್ನಿ,” ಎಂದರು. “ಏಟು ಗೂಡು ಓಗಿದ್ದಾವೋ, ಏಟು ಮೊಟ್ಟೆ ಓಗಿದ್ದಾವೋ. ಒಂದಿನಾನೂ ಕೊಂಬೆ ಎತ್ತಿ ನೋಡಿಲ್ಲ ಕಣವ್ವ. ನೀನಾರ ನೋಡ್ದೆ ಬುಡು.”



ಅತ್ತೆ ಎದ್ದು, ಮೂಲೆಯಲ್ಲಿದ್ದ ಕೋಲು ಹಿಡಿದುಕೊಂಡು ಹೊಲಕ್ಕೆ ನಡೆದರು. ಆಳುಗಳು ಆಗಲೇ ಬೇಲಿಯ ಬುಡಕ್ಕೆ ಬಂದಿದ್ದರು. “ತಡೀರ್ಲಾ, ಈಗ್ಲೇ ಮಚ್ಚು ಆಕ್‌ಬ್ಯಾಡಿ,” ಎಂದು ಅವರನ್ನು ನಿಲ್ಲಿಸಿದರು. ಆಮೇಲೆ ಕೋಲಿನಿಂದ ಒಂದೊಂದೇ ಪೊದೆಯನ್ನು ಮೆಲ್ಲಗೆ ಸರಿಸಿ, ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು ಒಳಗೆ ನೋಡತೊಡಗಿದರು. ಆಳುಗಳು ಮುಖ ಮುಖ ನೋಡಿಕೊಂಡರು. ಒಬ್ಬ, “ಏನವ್ವ, ಕೋಳಿ ಕಳ್ದೋಯ್ತಾ?” ಎಂದು ಕೇಳಿದ. ಅತ್ತೆ ಮುಂದಿನ ಪೊದೆಗೆ ಹೋದರು. ನಾನು ಅವರ ಪಕ್ಕದ ಪೊದೆಯ ಮುಂದೆ ಬಗ್ಗಿದೆ. ಹೊತ್ತು ಮುಳುಗುವ ಹೊತ್ತಿಗೆ ಅರ್ಧ ಬೇಲಿಯೂ ಆಗಿರಲಿಲ್ಲ.